ಮಳೆಯಲ್ಲಿ ನೆಂದವರು ಬರೆದ ಬಾಣ

ಎಲ್ಲರಿಗೂ ನಮಸ್ಕಾರ. ಆಯುಧಪೂಜೆಗೆ ಇನ್ನು ಎರಡೇ ದಿನ. ಹೊರಗೆ ವರ್ಕ್‌ಶಾಪ್ ಮುಂದೆ ನಾಲ್ಕು ಪಿಕಪ್‌ಗಳು ಈಗಲೇ ಮೈ ತೊಳೆಸಿಕೊಂಡು ನಿಂತಿವೆ. ನಾಡಿದ್ದು ಅವಕ್ಕೆ ಬಾಳೆಕಂದು ಕಟ್ಟುತ್ತೇವೆ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಬಾನೆಟ್ಟಿಗೆ ಪೂಜೆ, ಸ್ಟೇರಿಂಗಿಗೆ ಪೂಜೆ. ನಾನು ಇವತ್ತು ಮಾತಾಡಲು ಬಂದಿರುವುದು ಯಾರೂ ಕುಂಕುಮ ಹಚ್ಚದ ಜಾಗಗಳ ಬಗ್ಗೆ. ಕ್ಯಾಬಿನ್ ಒಳಗಿನ ಸಂದುಗೊಂದುಗಳು. ಸೀಟಿನ ಅಡಿ, ಬಾಗಿಲಿನ ಅಂಚು, ಡ್ಯಾಶ್‌ಬೋರ್ಡ್ ಮೂಲೆ.

ಮೊದಲು ಒಂದು ಕಥೆ. ಎರಡನೇ ವರ್ಷದವರು ಇದನ್ನು ನನ್ನ ಬಾಯಲ್ಲಿ ಆಗಲೇ ಕೇಳಿದ್ದೀರಿ, ಪರವಾಗಿಲ್ಲ, ಇನ್ನೊಮ್ಮೆ ಕೇಳಿ.

ಗಾಡಿಯ ಪೆಟ್ರೋಲ್ ಮುಳ್ಳಿನ ಹತ್ತಿರ ಪಂಪಿನ ಸಣ್ಣ ಚಿತ್ರ ಇರುತ್ತದೆ. ಅದರ ಪಕ್ಕ ಒಂದು ಪುಟ್ಟ ತ್ರಿಕೋನ. ನೋಡಿದವರು ಕೈ ಎತ್ತಿ... ಸರಿ, ಅರ್ಧದಷ್ಟು ಜನ. ತ್ರಿಕೋನ ಎಡಕ್ಕೆ ತೋರಿಸಿದರೆ ಟ್ಯಾಂಕಿನ ಮುಚ್ಚಳ ಎಡಕ್ಕೆ, ಬಲಕ್ಕೆ ತೋರಿಸಿದರೆ ಬಲಕ್ಕೆ. ಅಷ್ಟೇ ಅದರ ಕೆಲಸ. ಅದು ಎಲ್ಲಿಂದ ಬಂತು ಗೊತ್ತಾ?

1986, ಏಪ್ರಿಲ್ ತಿಂಗಳು. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಜಿಮ್ ಮೊಯ್ಲನ್ ಎಂಬ ಎಂಜಿನಿಯರ್ ಒಂದು ಮೀಟಿಂಗಿಗೆ ಹೊರಟಿದ್ದರು. ಕಂಪನಿಯ ಕಾರು, ತಮ್ಮದಲ್ಲ. ಪೆಟ್ರೋಲ್ ಇರಲಿಲ್ಲ. ಬಂಕಿಗೆ ಹೋದರು. ಜೋರು ಮಳೆ. ಪಂಪಿನ ಪಕ್ಕ ನಿಲ್ಲಿಸಿ ಇಳಿದು ನೋಡಿದರೆ ಮುಚ್ಚಳ ಆ ಕಡೆ! ಮತ್ತೆ ಹತ್ತಿ, ಗಾಡಿ ತಿರುಗಿಸಿ, ಮತ್ತೆ ಇಳಿಯಬೇಕು. ಚೆನ್ನಾಗಿ ನೆಂದರು. ನಮಗೂ ಹೀಗೆ ಎಷ್ಟು ಸಲ ಆಗಿಲ್ಲ? ಸುಮ್ನೆ ಗೊಣಗಿಕೊಂಡು ಮರೆತುಬಿಡುತ್ತೇವೆ. ಮೊಯ್ಲನ್ ಮರೆಯಲಿಲ್ಲ. ಆಫೀಸಿಗೆ ವಾಪಸ್ ಬಂದು ಒಂದು ಟಿಪ್ಪಣಿ ಬರೆದರು. ಮೀಟರಿನಲ್ಲಿ ಒಂದು ಸಣ್ಣ ಗುರುತು ಹಾಕಿ, ಯಾವ ಕಡೆ ನಿಲ್ಲಿಸಬೇಕು ಅಂತ ಓಡಿಸುವವರಿಗೆ ಗೊತ್ತಾಗಲಿ ಅಂತ. 1989ರ ಫೋರ್ಡ್ ಎಸ್ಕಾರ್ಟ್ ಮಾಡೆಲ್‌ನಲ್ಲಿ ಆ ಬಾಣ ಬಂತು. ಆಮೇಲೆ ಕಾರು, ಪಿಕಪ್, ಬೇರೆ ಕಂಪನಿ ಅನ್ನದೆ ಎಲ್ಲ ಕಡೆ ಹಬ್ಬಿತು.

ಇಲ್ಲಿ ಯಾವ ಮೋಟರ್ ಇದೆ? ಯಾವ ಸೆನ್ಸರ್ ಇದೆ? ಒಂದು ತೊಟ್ಟು ಬಣ್ಣ. ಆದರೆ ಅದನ್ನು ಬರೆದವರು ಮಳೆಯಲ್ಲಿ ನೆಂದಿದ್ದರು. ನಾನು ಹೇಳಬೇಕಾದ ಮಾತು ಇದೇ. ಡ್ರಾಯಿಂಗ್ ಬೋರ್ಡ್ ಮುಂದೆ ಒಣಗಿದ ಬಟ್ಟೆಯಲ್ಲಿ ಕೂತವರಿಗೆ ಈ ಬಾಣ ಹೊಳೆಯುವುದಿಲ್ಲ.

ಈಗ ನಮ್ಮ ಮನೆಗೆ ಬನ್ನಿ. ನಮ್ಮಣ್ಣ ಕೋಲಾರದಿಂದ ಟೊಮೆಟೊ ಲೋಡ್ ಹೊಡೆಯುತ್ತಾನೆ. ಅವನ ಪಿಕಪ್ಪಿನ ಸನ್ ವೈಸರ್, ಅಂದರೆ ಕಣ್ಣಿಗೆ ಬಿಸಿಲು ಬೀಳದಂತೆ ಇಳಿಸುವ ಹಲಗೆ, ನೋಡಬೇಕು ನೀವು. ಹಳೆ ಸೈಕಲ್ ಟ್ಯೂಬನ್ನು ಬಳೆಯ ಹಾಗೆ ಕತ್ತರಿಸಿ ಎರಡು ಪಟ್ಟಿ ಹಾಕಿದ್ದಾನೆ. ಮೊದಲ ಪಟ್ಟಿಯಡಿ ಪ್ಲಾಸ್ಟಿಕ್ ಕವರಿನಲ್ಲಿ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಜೆರಾಕ್ಸ್. ಎರಡನೆಯದರಲ್ಲಿ ಮಂಡಿ ಚೀಟಿಗಳು, ಒಂದು ಪೆನ್ನು. ಕೈ ತಾಗಿ ತಾಗಿ ಟ್ಯೂಬು ನುಣುಪಾಗಿ ಹೊಳೆಯುತ್ತದೆ. ಕತ್ತಲಲ್ಲೂ ಕಣ್ಣೆತ್ತದೆ ಸರಿಯಾದ ಚೀಟಿ ಎಳೆಯುತ್ತಾನೆ. ಊಟದ ಡಬ್ಬಿ ಟವೆಲಿನಲ್ಲಿ ಸುತ್ತಿ ಸೀಟಿನ ಸಂದಿಯಲ್ಲಿ, ಹಂಪು ಬಂದರೆ ಉರುಳದ ಹಾಗೆ. ಆ ಗಾಡಿ ಮಾಡಿದವರು ಚೀಟಿಗೆ ಜಾಗ ಇಟ್ಟಿರಲಿಲ್ಲ. ದಿನಾ ಚೀಟಿ ಹುಡುಕಿ ಸೋತವನು ತಾನೇ ಮಾಡಿಕೊಂಡ.

ಅಮೆರಿಕದ ಪಿಕಪ್‌ಗಳಲ್ಲಿ ಈ ಚೀಟಿಯ ಸಮಸ್ಯೆಯನ್ನು ಕಂಪನಿಗಳೇ ಕೈಗೆತ್ತಿಕೊಂಡವು. ಅಲ್ಲಿ ಕಟ್ಟಡದ ಕಂಟ್ರಾಕ್ಟರಿಗೆ ಗಾಡಿಯೇ ಆಫೀಸು. ಶೆವ್ರೊಲೆ ಸಿಲ್ವರಾಡೋದಲ್ಲಿ ಎರಡು ಸೀಟಿನ ನಡುವಿನ ಪೆಟ್ಟಿಗೆಯೊಳಗೆ ಫೈಲುಗಳನ್ನು ನೇತುಹಾಕಬಹುದು, ಆಫೀಸಿನ ಡ್ರಾಯರ್ ಹಾಗೆಯೇ. 2021ರ ಫೋರ್ಡ್ ಎಫ್-150 ಇನ್ನೂ ಮುಂದೆ ಹೋಯಿತು. ಗಾಡಿ ನಿಲ್ಲಿಸಿ ಒಂದು ಬಟನ್ ಒತ್ತಿದರೆ ಗೇರ್ ಲಿವರ್ ತಾನಾಗಿ ಮಡಚಿಕೊಂಡು ಒಳಗೆ ಮಲಗುತ್ತದೆ. ಪೆಟ್ಟಿಗೆಯ ಮುಚ್ಚಳವನ್ನು ಮುಂದಕ್ಕೆ ಮಗುಚಿದರೆ ಸಪಾಟಾದ ಮೇಜು. ಲ್ಯಾಪ್‌ಟಾಪ್ ಇಡಿ, ಬಿಲ್ ಬರೆಯಿರಿ, ಊಟ ಮಾಡಿ. ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆದವರ ಕಷ್ಟ ಯಾರೋ ಪಕ್ಕದಲ್ಲಿ ಕೂತು ನೋಡಿದ್ದಾರೆ, ಅಲ್ವಾ?

ನನಗೆ ಇದಕ್ಕಿಂತಲೂ ಜಾಸ್ತಿ ಇಷ್ಟವಾದದ್ದು ಫೋರ್ಡ್ ಮೇವರಿಕ್. 2021ರಲ್ಲಿ ತೋರಿಸಿದರು. ಆಗ ಶುರುವಿನ ಬೆಲೆ 20,000 ಡಾಲರಿಗೆ ಐದೇ ಡಾಲರ್ ಕಡಿಮೆ ಇತ್ತು, ಅಲ್ಲಿನ ಲೆಕ್ಕಕ್ಕೆ ಅಗ್ಗದ ಪಿಕಪ್. ಅದರ ಬಾಗಿಲಲ್ಲಿ ಕೈ ಇಡುವ ಪಟ್ಟಿ ಅರ್ಧಕ್ಕೇ ನಿಂತಿದೆ. ನೋಡಿದರೆ ಯಾರೋ ಮುಗಿಸುವುದು ಮರೆತ ಹಾಗೆ. ಒಂದು ಲೀಟರ್ ನೀರಿನ ಬಾಟಲಿ ತಂದು ಬಾಗಿಲಿನ ಜೇಬಿಗೆ ಇಳಿಸಿ. ನೆಟ್ಟಗೆ ಕೂರುತ್ತದೆ, ಕುತ್ತಿಗೆ ಎಲ್ಲೂ ತಾಗುವುದಿಲ್ಲ! ಪಟ್ಟಿ ಪೂರ್ತಿ ಇದ್ದಿದ್ದರೆ ಬಾಟಲಿಯನ್ನು ಓರೆ ಮಾಡಿ ತುರುಕಬೇಕಿತ್ತು. ಇನ್ನೊಂದು, ಹಿಂದಿನ ಸೀಟಿನವರ ಕಾಲ ಹತ್ತಿರ ಒಂದು ಸೀಳು ಇದೆ. ಅದಕ್ಕೆ ಲೋಟ ಇಡುವ ಹಿಡಿಕೆ, ಚೀಲದ ಕೊಕ್ಕೆ, ಏನಾದರೂ ಸಿಕ್ಕಿಸಬಹುದು. ಆ ಸೀಳಿನ ಅಳತೆಗಳನ್ನು ಕಂಪನಿ ಬಹಿರಂಗವಾಗಿ ಕೊಟ್ಟಿತು, ಬೇಕಾದ್ದನ್ನು ಜನ ಮನೆಯಲ್ಲೇ ತ್ರೀಡಿ ಪ್ರಿಂಟ್ ಮಾಡಿಕೊಳ್ಳಲಿ ಅಂತ. ನಮ್ಮಣ್ಣನ ಸೈಕಲ್ ಟ್ಯೂಬಿಗೆ ಕಂಪನಿಯೇ ಜಾಗ ಬಿಟ್ಟಂತೆ. ನಿನ್ನ ಕಷ್ಟ ನನಗೆ ಪೂರ್ತಿ ಗೊತ್ತಿಲ್ಲ, ನೀನೇ ಮಾಡಿಕೋ, ಅಳತೆ ನಾನು ಕೊಡುತ್ತೇನೆ. ಒಬ್ಬ ಎಂಜಿನಿಯರ್ ಹೀಗೆ ಹೇಳುವುದಕ್ಕೆ ದೊಡ್ಡ ಮನಸ್ಸು ಬೇಕು.

ತಮಾಷೆಗೆ ಇಟ್ಟವೂ ಇವೆ. ಜೀಪ್ ಗ್ಲಾಡಿಯೇಟರಿನ ಮುಂಗಾಜಿನ ಅಂಚಿನಲ್ಲಿ ಪುಟಾಣಿ ಜೀಪಿನ ಚಿತ್ರವೊಂದು ಗುಡ್ಡ ಹತ್ತುತ್ತಿರುತ್ತದೆ. ರ‍್ಯಾಮ್ ಕಂಪನಿ ಟಿಆರ್‌ಎಕ್ಸ್ ಪಿಕಪ್ ತಂದಾಗ, ಇದು ಬಾನೆಟ್ ಒಳಗಿನ ಮಾತು, ಗಾಳಿ ಎಳೆಯುವ ಡಬ್ಬಿಯಲ್ಲಿ ದೊಡ್ಡ ಡೈನೊಸಾರೊಂದು ಸಣ್ಣ ಡೈನೊಸಾರನ್ನು ಕಚ್ಚಿ ಹಿಡಿದ ಚಿತ್ರ ಇಟ್ಟಿತು. ಸಣ್ಣದು ರ‍್ಯಾಪ್ಟರ್. ಎದುರಾಳಿ ಫೋರ್ಡಿನ ಪಿಕಪ್ ಹೆಸರೂ ರ‍್ಯಾಪ್ಟರ್! ನಗು ಬಂತಾ? ನನಗೂ ಬರುತ್ತದೆ. ಯಾರೋ ಖುಷಿಯಾಗಿ ಕೆಲಸ ಮಾಡಿದ್ದಾರೆ ಅಂತ ಗೊತ್ತಾಗುತ್ತದೆ. ಆದರೆ ಅದೇ ಗ್ಲಾಡಿಯೇಟರಿನ ಬಾಗಿಲಿನ ಹಿಂಜು ನೋಡಿ. ಆ ಗಾಡಿಯ ಬಾಗಿಲು ಬಿಚ್ಚಬಹುದು. ಬೋಲ್ಟ್ ಬಿಚ್ಚಲು ಯಾವ ಅಳತೆಯ ಬಿಟ್, ಅಂದರೆ ಬಿಚ್ಚುವ ಸಲಕರಣೆಯ ತುದಿ, ಬೇಕು ಅನ್ನುವುದನ್ನು ಹಿಂಜಿನ ಮೇಲೇ ಕೆತ್ತಿದ್ದಾರೆ. ಪುಸ್ತಕ ತೆಗೆಯಬೇಕಿಲ್ಲ, ಒಂದೊಂದೇ ಬಿಟ್ ಹಾಕಿ ನೋಡಬೇಕಿಲ್ಲ. ಪುಟಾಣಿ ಜೀಪಿನ ಫೋಟೊ ಎಲ್ಲರೂ ತೆಗೆಯುತ್ತಾರೆ. ನನ್ನ ಕೈ ಮುಗಿಯುವುದು ಹಿಂಜಿನ ಮೇಲಿನ ಅಕ್ಷರಕ್ಕೆ. ಅದನ್ನು ಕೆತ್ತಿಸಿದವರು ಯಾವತ್ತೋ ತಪ್ಪು ಬಿಟ್ ಹಾಕಿ ಬೋಲ್ಟಿನ ತಲೆ ಸವೆಸಿರಬೇಕು. ಅವರೂ ಮಳೆಯಲ್ಲಿ ನೆಂದವರೇ.

ಐದು ನಿಮಿಷ ಅಂತ ಚೀಟಿ ಬಂತು. ಇನ್ನೂ ಬಹಳ ಇತ್ತು, ಬೇಗ ಹೇಳಿಬಿಡುತ್ತೇನೆ. ರಿವಿಯನ್ ಆರ್1ಟಿ ಎಂಬ ಎಲೆಕ್ಟ್ರಿಕ್ ಪಿಕಪ್ಪಿನಲ್ಲಿ ಡ್ರೈವರ್ ಬಾಗಿಲಿನ ಅಂಚಿನೊಳಗೆ ಒಂದು ಟಾರ್ಚ್ ಅಡಗಿದೆ, ಅಲ್ಲೇ ಚಾರ್ಜ್ ಆಗುತ್ತದೆ. ರ‍್ಯಾಮ್ 1500ರಲ್ಲಿ ಹಿಂದಿನ ಸೀಟಿನವರು ಕಾಲಿಡುವ ನೆಲದಡಿ ಮುಚ್ಚಳದ ಡಬ್ಬಿ, ಒಳಗಿನ ತೊಟ್ಟಿ ಹೊರತೆಗೆದು ತೊಳೆಯಬಹುದು, ಐಸ್ ಕೂಡ ತುಂಬಬಹುದು. ನಮ್ಮ ಬಿಡದಿಯಲ್ಲಿ ಜೋಡಿಸುವ ಟೊಯೊಟಾ ಹೈಲಕ್ಸಿನಲ್ಲಿ ಡ್ಯಾಶ್‌ಬೋರ್ಡಿನ ಮೇಲಿನ ಡಬ್ಬಿಗೆ ಎಸಿ ಗಾಳಿ ಬಿಟ್ಟು ನೀರು ತಣ್ಣಗಿಡುತ್ತಾರೆ. ನಿಮ್ಮಲ್ಲಿ ಕೆಲವರು ಬಿಡದಿಗೆ ಕೆಲಸಕ್ಕೆ ಹೋಗುತ್ತೀರಿ, ಅದನ್ನು ತೆರೆದು ನೋಡಿ.

ಸೀಟಿನ ಬಗ್ಗೆ ಹೇಳಲು ಹೊತ್ತಿಲ್ಲ. ಒಂದು ಕೆಲಸ ಮಾತ್ರ ಕೊಡುತ್ತೇನೆ. ಹೊರಗೆ ನಾಲ್ಕು ಗಾಡಿ ಅಂದೆನಲ್ಲ, ಮೂರನೆಯದು ನಮ್ಮಣ್ಣನದು. ಡ್ರೈವರ್‌ಗಳು ನಾಲ್ವರೂ ಅಲ್ಲೇ ಟೀ ಕುಡಿಯುತ್ತಿದ್ದಾರೆ. ಟೇಪು, ನೋಟ್‌ಬುಕ್ ತೆಗೆದುಕೊಂಡು ಇಬ್ಬಿಬ್ಬರು ಹೋಗಿ. ಬಾಗಿಲು ತೆರೆಯುವ ಮೊದಲು ಕೇಳಿ. "ಅಣ್ಣಾ, ಊಟದ ಡಬ್ಬಿ ಎಲ್ಲಿಡ್ತೀರಾ?" ಅನ್ನಿ. ಅವರು ತೋರಿಸಿದ ಜಾಗ ಅಳೆದುಕೊಂಡು ಬನ್ನಿ. ನಾಳೆ ಬೆಳಗ್ಗೆ ಆ ಅಳತೆಗಳಿಂದಲೇ ಪಾಠ ಶುರು ಮಾಡೋಣ.