ಒಣಕೊಂಬೆಯ ಅತಿಥಿ: ಮನೆಯ ಸುತ್ತ ಮರಕುಟಿಗಗಳನ್ನು ನೋಡುವುದು ಮತ್ತು ಕರೆತರುವುದು

ಮಾನ್ಯ ಸಭಿಕರೇ,

ಮನೆಯ ಬಳಿ ಮರಕುಟಿಗ ಬರಬೇಕಾದರೆ ಏನು ಮಾಡಬೇಕು ಎಂದು ಕೇಳುವವರು ಸಾಮಾನ್ಯವಾಗಿ ಎದುರು ನೋಡುವುದು ಯಾವುದಾದರೂ ತಿನಿಸಿನ ಹೆಸರನ್ನು. ಏನನ್ನು ಇಡಬೇಕು, ಎಲ್ಲಿ ತೂಗುಹಾಕಬೇಕು ಎಂಬ ವಿಚಾರಕ್ಕೆ ನಾನೂ ಮುಂದೆ ಬರುತ್ತೇನೆ. ಆದರೆ ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮರಕುಟಿಗ ಬರುವುದು ಒಣಗಿದ ಮರಕ್ಕೆ. ಅಂಗಳದಲ್ಲಿ ಒಂದು ಒಣಕೊಂಬೆಯನ್ನು ಕಡಿಯದೆ ಉಳಿಸಿಕೊಂಡವರಿಗೆ ಉಳಿದದ್ದು ಬಹುಮಟ್ಟಿಗೆ ತಾನಾಗಿಯೇ ಒದಗುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಿಂದಿನ ಹಳೆಯ ಮರದಲ್ಲಿ ದಪ್ಪನೆಯ ಕೊಂಬೆಯೊಂದು ಒಣಗಿ ನಿಂತಿತ್ತು. ಅದರಿಂದ ಯಾರಿಗೂ ಅಪಾಯವಿರಲಿಲ್ಲ. ನೋಡಲು ಚೆನ್ನಾಗಿಲ್ಲವೆಂಬ ಒಂದೇ ಕಾರಣಕ್ಕೆ ಕೊಯ್ಯಿಸಿದೆ. ಕೊಂಬೆ ನೆಲಕ್ಕೆ ಬಿದ್ದು, ಅದರ ಅಡಿಭಾಗ ಮೇಲಾದಾಗ ಕಣ್ಣಿಗೆ ಬಿದ್ದದ್ದು ಕೈವಾರವಿಟ್ಟು ಕೊರೆದಂಥ ಒಂದು ದುಂಡನೆಯ ತೂತು. ಬಿದ್ದ ರಭಸಕ್ಕೆ ಕೊಂಬೆ ಉದ್ದಕ್ಕೆ ಸೀಳಿದ್ದರಿಂದ ಪೊಟರೆಯ ಒಳಗೆಲ್ಲ ಬಯಲಾಗಿತ್ತು. ಬಾಯಿಂದ ಒಳಕ್ಕೆ ನಾಲ್ಕು ಬೆರಳಿನಷ್ಟು ತುಸು ಮೇಲ್ಮುಖವಾಗಿ ಸಾಗಿದ ದಾರಿ ಅಲ್ಲಿಂದ ಒಮ್ಮೆಲೇ ಕೆಳಕ್ಕೆ ತಿರುಗಿ, ಒಂದು ಗೇಣಿಗಿಂತ ಹೆಚ್ಚು ಆಳಕ್ಕೆ ಇಳಿದು, ತಳದಲ್ಲಿ ಹೂಜಿಯ ಹೊಟ್ಟೆಯಂತೆ ಅಗಲವಾಗಿತ್ತು. ಒಳಗೋಡೆಯ ಮೇಲೆ ಕೊಕ್ಕಿನ ಒಂದೊಂದು ಏಟೂ ಉಳಿಯ ಗುರುತಿನಂತೆ ಎದ್ದು ಕಾಣುತ್ತಿತ್ತು. ಹುಲ್ಲಿಲ್ಲ, ನಾರಿಲ್ಲ, ಗರಿಯಿಲ್ಲ. ತಳದಲ್ಲಿ ಇದ್ದದ್ದು ಒಂದು ಹಿಡಿ ಮರದ ಚಕ್ಕೆ ಮಾತ್ರ. ಮೊಟ್ಟೆಗಳನ್ನು ಇನ್ನೂ ಇಟ್ಟಿರಲಿಲ್ಲ ಎಂಬುದಷ್ಟೇ ನನಗೆ ದೊರೆತ ಸಮಾಧಾನ. ಮರುದಿನ ಬೆಳಿಗ್ಗೆ ಗಂಡುಹಕ್ಕಿ ಬಂದು, ಕೊಯ್ದ ಗುರುತಿನ ಕೆಳಗೆ ಕಾಂಡವನ್ನು ಕಚ್ಚಿ ಕುಳಿತು, ಕತ್ತನ್ನು ಅತ್ತಿತ್ತ ಹೊರಳಿಸುತ್ತ ಬಹಳ ಹೊತ್ತು ಅಲ್ಲಿಯೇ ಇದ್ದು ಹಾರಿಹೋಯಿತು.

ಆ ಹಕ್ಕಿಗೆ ಒಣಕೊಂಬೆಯೇ ಏಕೆ ಬೇಕಾಗಿತ್ತು? ಮರಕುಟಿಗದ ಕೊಕ್ಕು ಎಷ್ಟೇ ಗಟ್ಟಿಯಾಗಿದ್ದರೂ ಅದು ದುಡಿಯುವುದು ಲೆಕ್ಕಾಚಾರದಿಂದ. ಅಣಬೆಯ ಜಾತಿಯ ಶಿಲೀಂಧ್ರಗಳು ಮರದ ತಿರುಳನ್ನು ಹೊಕ್ಕು ಅದನ್ನು ಮೆದುಗೊಳಿಸಿರುತ್ತವೆ. ಹೊರಗಿನ ಕವಚ ಮಾತ್ರ ಗಟ್ಟಿಯಾಗಿ ಉಳಿದಿರುತ್ತದೆ. ಗೋಡೆ ಭದ್ರವಾಗಿದ್ದು ಒಳಗೆ ಅಗೆಯಲು ಸುಲಭವಾದ ಇಂಥ ಜಾಗವೇ ಅದರ ಆಯ್ಕೆ. ಅದೇ ಮರದ ತೊಗಟೆಯ ಅಡಿಯಲ್ಲಿ ದುಂಬಿಗಳ ಮರಿಹುಳುಗಳು, ಇರುವೆಗಳು, ಗೆದ್ದಲುಗಳು ಮನೆ ಮಾಡಿರುತ್ತವೆಯಾದ್ದರಿಂದ ವಾಸಕ್ಕೂ ಊಟಕ್ಕೂ ಒಂದೇ ವಿಳಾಸವಾಗುತ್ತದೆ. ಜಗತ್ತಿನಲ್ಲಿ 230ಕ್ಕೂ ಹೆಚ್ಚು ಬಗೆಯ ಮರಕುಟಿಗಗಳಿದ್ದು, ಅವುಗಳಲ್ಲಿ ಈ ಕಟ್ಟಳೆಯನ್ನು ಮೀರಿದವೂ ಇವೆ. ಅಮೆರಿಕದ ಆಗ್ನೇಯ ಭಾಗದ ರೆಡ್ ಕಾಕೇಡೆಡ್ ಮರಕುಟಿಗ ಜೀವಂತ ಪೈನ್ ಮರದಲ್ಲೇ ಪೊಟರೆ ತೋಡುತ್ತದೆ, ಅದಕ್ಕೆ ವರ್ಷಗಳೇ ಹಿಡಿಯುವುದುಂಟು. ದಕ್ಷಿಣ ಆಫ್ರಿಕಾದ ನೆಲಮರಕುಟಿಗ ಮಣ್ಣಿನ ದಿಬ್ಬದಲ್ಲಿ ಬಿಲ ಕೊರೆಯುತ್ತದೆ. ದಕ್ಷಿಣ ಹಾಗೂ ಆಗ್ನೇಯ ಏಷ್ಯಾದ ಕಂದು ಮರಕುಟಿಗವಂತೂ ಮರದ ಮೇಲೆ ಇರುವೆಗಳು ಕಟ್ಟಿದ ಗೂಡನ್ನೇ ಕೊರೆದು, ಆ ಇರುವೆಗಳ ನಡುವೆಯೇ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಇಂಥ ಬಾಡಿಗೆದಾರನನ್ನು ಆ ಇರುವೆಗಳು ಹೇಗೆ ಸಹಿಸುತ್ತವೆಯೋ ಎಂದು ನನಗೆ ಇಂದಿಗೂ ಬೆರಗು. ಇನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ನ್ಯೂಗಿನಿ, ಮಡಗಾಸ್ಕರ್‌ಗಳಲ್ಲಿ ಮರಕುಟಿಗಗಳೇ ಇಲ್ಲವಾದ್ದರಿಂದ ಅಲ್ಲಿ ನೆಲೆಸಿದವರಿಗೆ ಈ ಉಪನ್ಯಾಸದ ಉಪಯೋಗ ಕಡಿಮೆ.

ಮರ ಪೂರ್ತಿ ಒಣಗಿದ್ದು, ಮನೆಯ ಮೇಲೆಯೋ ದಾರಿಯ ಮೇಲೆಯೋ ಬೀಳುವಂತಿದ್ದರೆ ಅದನ್ನು ಹಾಗೆಯೇ ಬಿಡಿ ಎಂದು ನಾನು ಹೇಳಲಾರೆ. ಆದರೆ ಬುಡಸಮೇತ ತೆಗೆಯುವ ಬದಲು ಕೊಂಬೆಗಳನ್ನು ಇಳಿಸಿ, ಮೂರು ನಾಲ್ಕು ಮೀಟರ್ ಎತ್ತರದ ಕಾಂಡವನ್ನು ನಿಲ್ಲಿಸಿಕೊಳ್ಳಬಹುದು. ತೆಗೆದ ದಿಮ್ಮಿಗಳನ್ನು ಅಂಗಳದ ಮೂಲೆಯಲ್ಲಿ ನೆಲಕ್ಕೆ ಒರಗಿಸಿಟ್ಟರೆ ಅವು ಕೊಳೆಯುತ್ತ ಹುಳುಗಳ ಉಗ್ರಾಣವಾಗುತ್ತವೆ. ಮರವೇ ಇಲ್ಲದ ಅಂಗಳದಲ್ಲಿ ದಪ್ಪನೆಯ ಒಣದಿಮ್ಮಿಯೊಂದನ್ನು ಕಂಬದಂತೆ ಹೂಳಿ ನಿಲ್ಲಿಸುವುದೂ ಉಂಟು. ಗೂಡುಪೆಟ್ಟಿಗೆ ಇಡುವವರು ಒಂದು ಸಂಗತಿಯನ್ನು ಗಮನಿಸಬೇಕು: ಮರಕುಟಿಗಕ್ಕೆ ಸಿದ್ಧಮನೆಗಿಂತ ತಾನೇ ಅಗೆದ ಮನೆ ಇಷ್ಟ. ಪೆಟ್ಟಿಗೆಯ ತುಂಬ ಮರದ ಹೊಟ್ಟನ್ನೂ ಚಕ್ಕೆಯನ್ನೂ ಒತ್ತಿ ತುಂಬಿಟ್ಟರೆ, ಅದನ್ನೆಲ್ಲ ಒಂದೊಂದೇ ಕೊಕ್ಕು ಹೊರಗೆ ಎಸೆದು ತನಗೆ ಬೇಕಾದಷ್ಟು ಜಾಗ ಮಾಡಿಕೊಳ್ಳುವ ಅವಕಾಶ ಅದಕ್ಕೆ ಸಿಗುತ್ತದೆ. ಬಹುತೇಕ ಜಾತಿಗಳು ಹೆಚ್ಚಾಗಿ ವರ್ಷಕ್ಕೊಂದು ಹೊಸ ಪೊಟರೆ ತೋಡುತ್ತವೆ. ಬಿಟ್ಟುಹೋದ ಹಳೆಯವು ಗಿಳಿ, ಗೊರವಂಕ, ಸಣ್ಣ ಗೂಬೆ, ಅಳಿಲುಗಳಂಥ, ಸ್ವತಃ ಮರ ಕೊರೆಯಲಾರದ ಜೀವಿಗಳ ಪಾಲಾಗುತ್ತವೆ.

ನೋಡುವ ವಿಚಾರಕ್ಕೆ ಬಂದರೆ, ಮರಕುಟಿಗವನ್ನು ಮೊದಲು ಹುಡುಕಬೇಕಾದದ್ದು ಕಿವಿಯಿಂದ. ಅದರ ಕುಟುಕುವ ಸದ್ದಿನಲ್ಲಿ ಮೂರು ಬಗೆಗಳಿವೆ. ತಡೆತಡೆದು, ತಾಳವಿಲ್ಲದೆ ಕೇಳಿಬರುವ ಮೆಲ್ಲನೆಯ ಟಕ್ ಟಕ್ ಸದ್ದು ಹುಳುವಿನ ಶೋಧ. ಒಂದೇ ಕಡೆಯಿಂದ ದಿನಗಟ್ಟಲೆ ಬರುವ, ಭಾರವಾದ, ಒಂದೇ ಹದದ ಏಟುಗಳು ಪೊಟರೆ ತೋಡುವ ಕೆಲಸ; ಮರದ ಬುಡದಲ್ಲಿ ಹೊಸ ಚಕ್ಕೆಗಳು ಚೆಲ್ಲಿದ್ದರೆ ಅನುಮಾನವೇ ಬೇಡ. ಮೂರನೆಯದು ನಗಾರಿ. ನಡುವೆ ಬಿಡುವೇ ಇಲ್ಲದಂತೆ ಉರುಳಿಬರುವ ಈ ಸದ್ದಿಗೂ ಊಟಕ್ಕೂ ಸಂಬಂಧವಿಲ್ಲ. ಇದು ಹಾಡುಹಕ್ಕಿಯ ಹಾಡಿಗೆ ಸಮನಾದದ್ದು, ಸಂಗಾತಿಯನ್ನು ಕರೆಯಲು, ಇದು ನನ್ನ ಗಡಿ ಎಂದು ಸಾರಲು ಬಾರಿಸುವಂಥದ್ದು. ಗಂಡು ಹೆಣ್ಣು ಎರಡೂ ಬಾರಿಸುತ್ತವೆ. ಯೂರೋಪಿನ ತೋಟಗಳಿಗೆ ಬರುವ ದೊಡ್ಡ ಚುಕ್ಕೆ ಮರಕುಟಿಗ ಸುಮಾರು ಅರ್ಧ ಸೆಕೆಂಡಿನೊಳಗೆ ಹತ್ತಕ್ಕೂ ಹೆಚ್ಚು ಏಟು ಹೊಡೆದು ನಿಲ್ಲಿಸಿದರೆ, ಅಲ್ಲಿನದೇ ಕರಿ ಮರಕುಟಿಗದ ನಗಾರಿ ಎರಡು ಸೆಕೆಂಡು ದಾಟುತ್ತದೆ. ಒಂದು ವಾರ ಬೆಳಗಿನ ಹೊತ್ತು ಕಿವಿಗೊಟ್ಟು ಕುಳಿತರೆ ಈ ಮೂರನ್ನೂ ಬೇರ್ಪಡಿಸುವುದು ಯಾರಿಗೂ ಕಷ್ಟವಾಗದು.

ಸದ್ದು ಬಂದ ಮರಕ್ಕೆ ನೇರವಾಗಿ ನಡೆದುಹೋಗುವುದು ಹೊಸಬರು ಮಾಡುವ ತಪ್ಪು. ನಿಮ್ಮನ್ನು ಕಂಡ ಕೂಡಲೇ ಹಕ್ಕಿ ಹಾರುವುದಿಲ್ಲ. ಕಾಂಡದ ಆಚೆ ಬದಿಗೆ ಸರಿದು, ನೀವು ಸುತ್ತಿದಷ್ಟೂ ತಾನೂ ಸುತ್ತುತ್ತ ಮರೆಯಾಗಿಯೇ ಇರುತ್ತದೆ. ನಿಂತಲ್ಲೇ ಕದಲದೆ ಐದು ನಿಮಿಷ ಕಾದರೆ ಮೊದಲು ಒಂದು ಕೊಕ್ಕು, ಆಮೇಲೆ ಒಂದು ಕಣ್ಣು ಕಾಂಡದ ಅಂಚಿನಿಂದ ಇಣುಕುತ್ತದೆ. ಆಗ ಬೈನಾಕ್ಯುಲರ್ ಎತ್ತಿ ಅದರ ಕಾಲು ಮತ್ತು ಬಾಲವನ್ನು ನೋಡಬೇಕು. ಹೆಚ್ಚಿನ ಹಕ್ಕಿಗಳಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ ಇದ್ದರೆ, ಬಹುತೇಕ ಮರಕುಟಿಗಗಳಿಗೆ ಎರಡು ಮುಂದೆ, ಎರಡು ಹಿಂದೆ. ಬಾಲದ ಗರಿಗಳು ಬಿರುಸಾಗಿದ್ದು, ಕಾಂಡಕ್ಕೆ ಒತ್ತಿಕೊಂಡು ಮುಕ್ಕಾಲಿಯ ಮೂರನೆಯ ಕಾಲಿನಂತೆ ದೇಹದ ಭಾರವನ್ನು ಹೊರುತ್ತವೆ. ಗರಿ ಉದುರಿಸುವ ಕಾಲದಲ್ಲಿ ಅಕ್ಕಪಕ್ಕದ ಬಾಲದ ಗರಿಗಳು ಹೊಸದಾಗಿ ಬೆಳೆದ ಮೇಲೆಯೇ ನಡುವಿನ ಜೋಡಿ ಉದುರುತ್ತದೆ. ಆಸರೆ ಒಂದು ದಿನವೂ ತಪ್ಪಬಾರದಲ್ಲ! ತಲೆಯ ಕೆಂಪು ಬಣ್ಣ ಗಂಡು ಹೆಣ್ಣನ್ನು ಗುರುತಿಸುವ ಸುಲಭದ ಗುರುತು. ಹೊಂಬೆನ್ನಿನ ಮರಕುಟಿಗದಲ್ಲಿ ಗಂಡಿನ ನೆತ್ತಿಯಿಡೀ ಕೆಂಪಾಗಿದ್ದರೆ, ಹೆಣ್ಣಿನ ಮುನ್ನೆತ್ತಿ ಬಿಳಿಚುಕ್ಕೆಗಳಿರುವ ಕಪ್ಪು, ಹಿಂದಿನ ಜುಟ್ಟು ಮಾತ್ರ ಕೆಂಪು. ಹಾರುವಾಗ ನಾಲ್ಕಾರು ಬಾರಿ ರೆಕ್ಕೆ ಬಡಿದು, ಮಡಚಿ, ಕೆಳಗಿಳಿದು, ಮತ್ತೆ ಬಡಿದು ಮೇಲೇರುವ ಅಲೆಯಂಥ ಚಲನೆಯಿಂದ ದೂರದಿಂದಲೇ ಇದನ್ನು ಗುರುತಿಸಬಹುದು.

ಇಷ್ಟು ಕುಟ್ಟಿದರೂ ಇದಕ್ಕೆ ತಲೆನೋವು ಬರುವುದಿಲ್ಲವೇ ಎಂಬ ಪ್ರಶ್ನೆಯನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹುಡುಕಿದ ಐವನ್ ಶ್ವಾಬ್ ಮತ್ತು ಫಿಲಿಪ್ ಮೇ ಅವರಿಗೆ 2006ರಲ್ಲಿ ಇಗ್ ನೊಬೆಲ್ ಬಹುಮಾನ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ತಲೆಬುರುಡೆಯ ಸ್ಪಂಜಿನಂಥ ಮೂಳೆ ಏಟಿನ ಆಘಾತವನ್ನು ಹೀರಿಕೊಳ್ಳುತ್ತದೆ ಎಂದು ಬಹುಕಾಲ ಹೇಳುತ್ತ ಬರಲಾಗಿತ್ತು. 2022ರಲ್ಲಿ ಆಂಟ್ವರ್ಪ್ ವಿಶ್ವವಿದ್ಯಾಲಯದ ಸ್ಯಾಮ್ ವಾನ್ ವಾಸೆನ್‌ಬರ್ಗ್ ಮತ್ತು ಸಂಗಡಿಗರು ಮೂರು ಜಾತಿಯ ಮರಕುಟಿಗಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸಿ, ತಲೆಬುರುಡೆ ಏನನ್ನೂ ಹೀರಿಕೊಳ್ಳದೆ ಗಟ್ಟಿ ಸುತ್ತಿಗೆಯಂತೆಯೇ ವರ್ತಿಸುತ್ತದೆ ಎಂದು ತೋರಿಸಿದರು. ಯೋಚಿಸಿದರೆ ಇದೇ ಸರಿ. ಮೆತ್ತೆ ಕಟ್ಟಿದ ಸುತ್ತಿಗೆಯಿಂದ ಮೊಳೆ ಹೊಡೆಯುವ ಬಡಗಿ ಎಲ್ಲಿದ್ದಾನೆ? ಮಿದುಳು ತೀರ ಚಿಕ್ಕದಾದ್ದರಿಂದ ಅಂಥ ಏಟನ್ನು ತಾಳಿಕೊಳ್ಳುತ್ತದೆ. ಕೊರೆದ ತೂತಿನಿಂದ ಹುಳುವನ್ನು ಎಳೆಯುವ ಕೆಲಸ ನಾಲಿಗೆಯದು. ಅದಕ್ಕೆ ಆಧಾರವಾದ ಮೂಳೆಯೂ ಸ್ನಾಯುವೂ ತಲೆಬುರುಡೆಯ ಹಿಂಬದಿಯಿಂದ ಸುತ್ತಿ ನೆತ್ತಿಯ ಮೇಲೆ ಹಾದು ಬರುತ್ತವೆ. ಅನೇಕ ಜಾತಿಗಳಲ್ಲಿ ನಾಲಿಗೆಯ ತುದಿಗೆ ಮುಳ್ಳುಗಳಿದ್ದು, ಅಂಟಾದ ಜೊಲ್ಲು ಬೇರೆ ಸೇರಿರುತ್ತದೆ.

ತಿನಿಸಿನ ವಿಚಾರವನ್ನು ಚಿಕ್ಕದಾಗಿಯೇ ಹೇಳುತ್ತೇನೆ. ಚಳಿಯ ನಾಡುಗಳಲ್ಲಿ ಮರಕುಟಿಗಕ್ಕೆ ಇಡುವ ಹೆಸರುವಾಸಿ ತಿನಿಸು ಗಟ್ಟಿಯಾದ ಪ್ರಾಣಿಕೊಬ್ಬು. ಬಿಸಿಲಿನ ನಾಡುಗಳಲ್ಲಿ ಅದು ಕರಗಿ ಕಮಟುವುದಲ್ಲದೆ, ಗರಿಗಳಿಗೆ ಮೆತ್ತಿಕೊಂಡು ಅವುಗಳ ನೀರು ತಡೆಯುವ ಗುಣವನ್ನೇ ಕೆಡಿಸುವುದರಿಂದ ಬೇಡ. ಉಪ್ಪು ಹಾಕದ, ಬೂಸಲು ಹಿಡಿಯದ ಕಡಲೆಕಾಯಿ ಬೀಜ, ಸೂರ್ಯಕಾಂತಿ ಬೀಜ, ಮಾಗಿದ ಹಣ್ಣು ಎಲ್ಲಿಯಾದರೂ ನಡೆಯುತ್ತವೆ. ತಟ್ಟೆಯಲ್ಲಿ ಸುರಿದಿಡುವುದಕ್ಕಿಂತ, ದಿಮ್ಮಿಯೊಂದರಲ್ಲಿ ಅಲ್ಲಲ್ಲಿ ತೂತು ಕೊರೆದು ಬೀಜಗಳನ್ನು ಒತ್ತಿ, ಅದನ್ನು ಕಾಂಡಕ್ಕೆ ನಿಲುವಾಗಿ ಕಟ್ಟಿದರೆ ಹಕ್ಕಿಗೆ ಬಾಲ ಊರಲು ಜಾಗ ಸಿಗುತ್ತದೆ. ತೂತಿನ ಕೆಳಗೆ ಒಂದು ಗೇಣಾದರೂ ದಿಮ್ಮಿ ಉಳಿದಿರಲಿ. ಅಗಲವಾದ, ಆಳವಿಲ್ಲದ ಪಾತ್ರೆಯಲ್ಲಿ ದಿನವೂ ಬದಲಿಸಿದ ನೀರು ತಿನಿಸಿಗಿಂತ ಹೆಚ್ಚಿನ ಉಪಕಾರ. ಆದರೆ ತಿನಿಸಿಟ್ಟ ಕೈಯಿಂದಲೇ ಮರಗಳಿಗೆ ಕೀಟನಾಶಕ ಸಿಂಪಡಿಸುವುದು ಎಡವಟ್ಟಿನ ಕೆಲಸ. ಮರಿಗಳು ಬೆಳೆಯುವುದು ಮುಖ್ಯವಾಗಿ ಹುಳು ಇರುವೆಗಳ ಮೇಲೆ. ಆ ಹೊತ್ತಿಗೆ ಹುಳುವೇ ಇಲ್ಲದ ಅಂಗಳದಲ್ಲಿ ಎಷ್ಟು ಕಡಲೆ ಬೀಜವಿದ್ದರೂ ಗೂಡು ನಿಲ್ಲುವುದಿಲ್ಲ.

ಮರಕುಟಿಗ ಮನೆಯನ್ನೇ ಕುಟ್ಟತೊಡಗಿದರೆ ಏನು ಮಾಡಬೇಕು ಎಂಬುದೂ ನ್ಯಾಯವಾದ ಪ್ರಶ್ನೆ. ಮೊದಲು ಕಾರಣ ತಿಳಿಯಬೇಕು. ತಗಡಿನ ಸೂರು, ನೀರಿನ ಕೊಳವೆ, ಲೋಹದ ಕಂಬಗಳ ಮೇಲೆ ಬಾರಿಸುತ್ತಿದ್ದರೆ ಅದು ನಗಾರಿ. ಹೆಚ್ಚು ದೂರ ಕೇಳಿಸುವ ವಾದ್ಯ ಸಿಕ್ಕಿತೆಂಬ ಸಂತೋಷ ಅದಕ್ಕೆ. ಗೂಡು ಕಟ್ಟುವ ಕಾಲ ಮುಗಿದಂತೆ ಅದು ತಾನಾಗಿ ತಗ್ಗುತ್ತದೆ. ಮರದ ತೊಲೆಯಲ್ಲೋ ಕಿಟಕಿಯ ಚೌಕಟ್ಟಿನಲ್ಲೋ ಸಣ್ಣ ತೂತುಗಳನ್ನು ಮಾಡುತ್ತಿದ್ದರೆ ಒಳಗೆ ಮರಕೊರಕ ಜೇನಿನ ಮರಿಗಳೋ ಬೇರೆ ಹುಳುಗಳೋ ಇರುವ ಸಾಧ್ಯತೆ ಹೆಚ್ಚು. ಹಕ್ಕಿಯನ್ನು ಬೈಯುವ ಮೊದಲು ಅದು ಕೊಟ್ಟ ಪುಕ್ಕಟೆ ತಪಾಸಣೆಗೆ ವಂದನೆ ಹೇಳಿ ಮರಮಟ್ಟನ್ನು ದುರಸ್ತಿ ಮಾಡಿಸುವುದು ಲೇಸು. ಗಾಳಿಗೆ ಅಲುಗಾಡುವ ಹೊಳೆಯುವ ಪಟ್ಟಿಗಳು ಅನೇಕ ಕಡೆ ಫಲ ಕೊಟ್ಟಿವೆ. ಗೋಡೆಯಲ್ಲಿ ತೂತು ದೊಡ್ಡದಾಗಿದ್ದರೆ, ಒಳಗೆ ಮೊಟ್ಟೆ ಮರಿಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಮುಚ್ಚಬೇಕು.

ಗೂಡು ಸಿಕ್ಕಿತೆಂದು ಹತ್ತಿರ ಹೋಗಿ ಇಣುಕುವುದು, ಧ್ವನಿಮುದ್ರಿತ ಕೂಗು ಹಾಕಿ ಹಕ್ಕಿಯನ್ನು ಹೊರಗೆಳೆಯುವುದು ಎರಡೂ ಕೂಡದು. ಮೊಟ್ಟೆಗಳು ಬೆಳ್ಳಗಿರುತ್ತವೆ, ಕತ್ತಲ ಪೊಟರೆಯಲ್ಲಿ ಬಣ್ಣದ ಮರೆ ಬೇಕಿಲ್ಲ. ಕಾವು ಕೂರುವ ಅವಧಿ ಬಹಳ ಚಿಕ್ಕದು. ಹೊಂಬೆನ್ನಿನ ಮರಕುಟಿಗದ ಮೊಟ್ಟೆ ಸುಮಾರು 11 ದಿನಗಳಲ್ಲಿ ಒಡೆಯುತ್ತದೆ, ಮರಿಗಳು ಸುಮಾರು 20 ದಿನಗಳಲ್ಲಿ ಹೊರಬೀಳುತ್ತವೆ. ಹಗಲು ಗಂಡು ಹೆಣ್ಣು ಸರದಿಯಲ್ಲಿ ಕಾವು ಕೂರುತ್ತವೆ; ಹೆಚ್ಚಿನ ಜಾತಿಗಳಲ್ಲಿ ರಾತ್ರಿಯ ಪಾಳಿ ಗಂಡಿನದು.

ಗೂಡಿನ ಕಾಲವಲ್ಲದಾಗಲೂ ಹೆಚ್ಚಿನ ಜಾತಿಗಳಲ್ಲಿ ಪ್ರತಿಯೊಂದು ಹಕ್ಕಿಯೂ ರಾತ್ರಿ ಕಳೆಯಲು ತನ್ನದೇ ಒಂದು ಪೊಟರೆಯನ್ನು ಇಟ್ಟುಕೊಂಡಿರುತ್ತದೆ. ಅದನ್ನು ಪತ್ತೆ ಹಚ್ಚಿದರೆ ವರ್ಷವಿಡೀ ನೋಡುವ ಅವಕಾಶ ನಿಮ್ಮದಾಗುತ್ತದೆ. ನಮ್ಮ ಮರದಲ್ಲಿ ಈಗ ಎರಡನೆಯದೊಂದು ಕೊಂಬೆ ಒಣಗಿದೆ, ಅದನ್ನು ಯಾರೂ ಮುಟ್ಟಿಲ್ಲ. ಸೂರ್ಯ ಮುಳುಗುವುದಕ್ಕೆ ತುಸು ಮುನ್ನ ಹಕ್ಕಿ ಅಲೆಯಲೆಯಾಗಿ ಹಾರಿಬಂದು ತೂತಿನ ಒಂದು ಮೊಳ ಕೆಳಗೆ ಕಚ್ಚಿಕೊಳ್ಳುತ್ತದೆ. ಎರಡು ನೆಗೆತದಲ್ಲಿ ಬಾಯಿಗೆ ಬಂದು, ತಲೆ ಒಳಗೆ ಹಾಕಿ, ಹೊರಗೆ ತೆಗೆದು, ಮತ್ತೆ ಹಾಕಿ ನೋಡುತ್ತದೆ. ಒಳಗೆ ಇಳಿದ ಮೇಲೆ ಒಮ್ಮೆ ಮಾತ್ರ ಮುಖ ಹೊರಗೆ ಚಾಚುತ್ತದೆ. ಆ ಮಬ್ಬು ಬೆಳಕಿನಲ್ಲಿ ಕೆಂಪು ನೆತ್ತಿ ಒಂದಷ್ಟು ಹೊತ್ತು ಕಂಡು, ಆಮೇಲೆ ತೂತು ಬರಿದೇ ಕಪ್ಪಾಗಿ ಉಳಿಯುತ್ತದೆ.