ಆರ್ಕೇಡ್ ಮಾನಿಟರ್ ರಿಪೇರಿ: ಮೊದಲು ಮೀಟರ್, ಆಮೇಲೆ ಕ್ಯಾಪ್ ಕಿಟ್
ಇದು 19 ಇಂಚಿನ ಎಲೆಕ್ಟ್ರೋಹೋಮ್ ಜಿ07, ಹಳೇ ಆರ್ಕೇಡ್ ಗೇಮ್ ಯಂತ್ರಗಳ ಪಿಕ್ಚರ್ ಟ್ಯೂಬ್ ಮಾನಿಟರ್. ಆಟದ ಸದ್ದು ಕೇಳ್ತಿದೆ, ಪರದೆ ಮಾತ್ರ ಕಪ್ಪು. ಇಂಥ ಹೊತ್ತಲ್ಲಿ ತುಂಬ ಜನ ಮೊದಲು ಕ್ಯಾಪ್ ಕಿಟ್ (ಬದಲಿ ಕೆಪಾಸಿಟರ್‌ಗಳ ಸೆಟ್) ತರಿಸಿ ಕೆಪಾಸಿಟರ್‌ಗಳನ್ನೆಲ್ಲ ಬದಲಾಯಿಸ್ತಾರೆ. ಬೇಡ. ಪೂರ್ತಿ ಸತ್ತ ಮಾನಿಟರ್ ಬರೀ ಕ್ಯಾಪ್ ಕಿಟ್‌ನಿಂದ ಎದ್ದು ಕೂರೋದು ಅಪರೂಪ. ಒಂದು ಕೆಪಾಸಿಟರ್ ಉಲ್ಟಾ ಕೂತ್ರೆ ಹಳೇ ದೋಷದ ಜೊತೆ ಹೊಸದೊಂದು ಸೇರ್ಕೊಳ್ಳುತ್ತೆ, ಅಷ್ಟೇ.

ಪ್ಲಗ್ ಕಿತ್ತಾಯ್ತು ಅಂತ ಕೈ ಹಾಕೋ ಹಾಗಿಲ್ಲ. ಪಿಕ್ಚರ್ ಟ್ಯೂಬ್‌ನಲ್ಲಿ 20 ಸಾವಿರ ವೋಲ್ಟ್ ಆಸುಪಾಸು ಉಳಿದಿರಬಹುದು. ಕ್ಲಿಪ್ ವೈರಿನ ಒಂದು ತುದಿ ಮೊದಲು ಟ್ಯೂಬಿನ ಬೆನ್ನಿಗಂಟಿದ ಹೆಣೆದ ಬರಿ ತಂತಿಗೆ, ಇನ್ನೊಂದು ತುದಿ ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್‌ನ ಕಬ್ಬಿಣಕ್ಕೆ. ಒಂದು ಕೈ ಬೆನ್ನ ಹಿಂದೆ ಇರಲಿ. ಸ್ಕ್ರೂಡ್ರೈವರ್ ತುದಿಯನ್ನ ಆನೋಡ್‌ನ, ಅಂದ್ರೆ ದಪ್ಪ ಹೈ ವೋಲ್ಟೇಜ್ ವೈರ್ ಟ್ಯೂಬಿಗೆ ಸೇರೋ ಜಾಗದ, ರಬ್ಬರ್ ಟೋಪಿ ಕೆಳಗೆ ತೂರಿಸಿ ಒಳಗಿನ ಲೋಹ ಮುಟ್ಟಿಸಿ. 'ಟಪ್' ಅನ್ನಬಹುದು, ಅನ್ನದೇನೂ ಇರಬಹುದು. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿ. ಟ್ಯೂಬಿನ ಗಾಜು ಹೀರ್ಕೊಂಡ ಚಾರ್ಜ್ ಮತ್ತೆ ಮೇಲೆ ಬರುತ್ತೆ. ಬೋರ್ಡಿನ ದೊಡ್ಡ ಫಿಲ್ಟರ್ ಕೆಪಾಸಿಟರ್ ಬೇರೆಯೇ, ಅದರ ವೋಲ್ಟೇಜನ್ನೂ ಮೀಟರ್‌ನಲ್ಲಿ ನೋಡಿ.

ಈಗ ಫ್ಯೂಸ್. ಹೋಗಿದ್ರೆ ಹೊಸದು ಹಾಕಿ ಆನ್ ಮಾಡೋ ಆತುರ ಬೇಡ, ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ (ಫ್ಲೈಬ್ಯಾಕ್, ಅಂದ್ರೆ ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರನ್ನ ನಡೆಸೋದು) ಬಿಚ್ಚಿ ಅಳೆಯಿರಿ. ಕಲೆಕ್ಟರ್-ಎಮಿಟರ್ ನಡುವೆ ಎರಡೂ ದಿಕ್ಕಿನಲ್ಲಿ ಸೊನ್ನೆ ಓಮ್‌ನ ಹತ್ತಿರ ಬಂದ್ರೆ ಅದು ಶಾರ್ಟ್. ಇದರ ಲೋಹದ ಮೈಯೇ ಕಲೆಕ್ಟರ್. ಹೊಸದು ಕೂರಿಸುವಾಗ ಅಡಿಯ ಮೈಕಾ ಹಾಳೆ (ಕರೆಂಟ್ ಹರಿಯದ ಹಾಗೆ ತಡೆಯೋದು) ಮರೆತ್ರೆ ಫ್ಯೂಸ್ ಆ ಕ್ಷಣವೇ ಹೋಗುತ್ತೆ.

ಆದ್ರೆ ಟ್ರಾನ್ಸಿಸ್ಟರ್ ಸುಮ್ಸುಮ್ನೆ ಸಾಯಲ್ಲ. ಅದನ್ನ ಹಾಕೋ ಮೊದಲು ಬಿ ಪ್ಲಸ್ ಲೈನಿನಿಂದ (ಮಾನಿಟರ್‌ನ ಮುಖ್ಯ ಡಿಸಿ ಸಪ್ಲೈ) ಗ್ರೌಂಡ್‌ಗೆ ಒಂದು 60 ವ್ಯಾಟ್ ಫಿಲಮೆಂಟ್ ಬಲ್ಬ್ ಲೋಡ್ ಆಗಿ ಜೋಡಿಸಿ ಪವರ್ ಕೊಡಿ. ಪವರ್ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಬರಬೇಕು; ಈ ಚಾಸಿಸ್‌ಗೆ (ಮಾನಿಟರ್ ಬೋರ್ಡ್) ಮೇನ್ಸ್ ಕರೆಂಟಿನಿಂದ ಬೇರ್ಪಡಿಸೋ ಸ್ವಂತ ಐಸೊಲೇಷನ್ ಇಲ್ಲ. ಜಿ07ನಲ್ಲಿ ಬಿ ಪ್ಲಸ್ 120 ವೋಲ್ಟ್ ಇರಬೇಕು. ತುಂಬ ಹೆಚ್ಚಿದ್ರೆ ತಪ್ಪಿತಸ್ಥ ಅದನ್ನ ಹಿಡಿತದಲ್ಲಿಡೋ ರೆಗ್ಯುಲೇಟರ್. 120 ಸರಿಯಾಗಿದ್ದೂ ಹೊಸ ಟ್ರಾನ್ಸಿಸ್ಟರ್ ಸುಟ್ರೆ ಫ್ಲೈಬ್ಯಾಕ್ ಮೇಲೆ ಅನುಮಾನ ಪಡಿ. ಫ್ಲೈಬ್ಯಾಕ್ ಕಾಲುಗಳ ಸುತ್ತ ಬೆಸುಗೆಯಲ್ಲಿ ಉಂಗುರದ ಹಾಗೆ ಬಿರುಕು ಕಾಣ್ಸಿದ್ರೆ ಹಳೇ ಸೋಲ್ಡರ್ ತೆಗೆದು ಹೊಸದಾಗಿ ಹಾಕಿ. ಕನೆಕ್ಟರ್ ಪಿನ್‌ಗಳಿಗೂ ಅದೇ ಚಿಕಿತ್ಸೆ.

ಪರದೆ ಬೆಳಗಿತು ಅಂದ್ರೆ ಆಗ ಬರಲಿ ಕ್ಯಾಪ್ ಕಿಟ್. ಚಿತ್ರದ ಅಂಚು ಅಲೆ ಅಲೆಯಾಗಿದ್ರೆ, ಮೇಲಿನ ಭಾಗ ಮಡಚಿಕೊಂಡಿದ್ರೆ ಅದು ಒಣಗಿದ ಕೆಪಾಸಿಟರ್‌ಗಳ ಕೆಲಸ. ಹೊಸ ಕೆಪಾಸಿಟರ್‌ಗಳು 105 ಡಿಗ್ರಿ ಸೆಲ್ಸಿಯಸ್ ರೇಟಿಂಗಿನವೇ ಇರಲಿ, ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಬೇಡ. ನಡುವೆ ಬರೀ ಒಂದು ಅಡ್ಡಗೆರೆ ಕಂಡ್ರೆ ಬ್ರೈಟ್‌ನೆಸ್ ಇಳಿಸಿ, ಇಲ್ಲಾಂದ್ರೆ ಆ ಗೆರೆ ಪರದೆಯ ಒಳಗಿನ ಹೊಳೆಯುವ ಲೇಪದಲ್ಲಿ (ಫಾಸ್ಫರ್) ಉಳಿದುಬಿಡುತ್ತೆ. ದೋಷ ಚಿತ್ರವನ್ನ ಮೇಲೆ-ಕೆಳಗೆ ಹರಡೋ ವರ್ಟಿಕಲ್ ಭಾಗದಲ್ಲಿದೆ. ಒಂದೇ ಬಣ್ಣ ಮಾಯವಾಗಿದ್ರೆ ಇನ್‌ಪುಟ್‌ನಲ್ಲಿ ಆ ಬಣ್ಣದ ವೈರನ್ನ ಇನ್ನೊಂದು ಬಣ್ಣದ ವೈರಿನ ಜೊತೆ ಅದಲುಬದಲು ಮಾಡಿ. ಪರದೆಯಲ್ಲಿ ಕಾಣೆಯಾದ ಬಣ್ಣ ಬದಲಾಗ್ಲಿಲ್ಲ ಅಂದ್ರೆ ನೆಕ್ ಬೋರ್ಡಿನಲ್ಲಿ (ಟ್ಯೂಬಿನ ಕುತ್ತಿಗೆಯ ತುದಿಗೆ ಸಿಕ್ಕಿಸಿದ ಚಿಕ್ಕ ಬೋರ್ಡ್) ಆ ಬಣ್ಣದ ಟ್ರಾನ್ಸಿಸ್ಟರ್ ನೋಡಿ. ಆ ಬೋರ್ಡನ್ನ ನೇರವಾಗಿ ಹಿಂದಕ್ಕೆ ಎಳೀರಿ, ಅಲ್ಲಾಡಿಸ್ಬೇಡಿ. ಕುತ್ತಿಗೆ ಬಿರುಕು ಬಿಟ್ರೆ ಟ್ಯೂಬೇ ಹೋಯ್ತು.