ಡಾಕ್ಟರ ಹತ್ತಿರ ನೀವೇ ಮಾತಾಡಿ

ಹಿರಿಯರೆಲ್ಲರಿಗೂ ನಮಸ್ಕಾರ.

ಡಾಕ್ಟರು "ಹೇಗಿದ್ದೀರಿ?" ಎಂದು ನಿಮ್ಮನ್ನು ಕೇಳುತ್ತಾರೆ. ಉತ್ತರ ಮಾತ್ರ ಪಕ್ಕದಲ್ಲಿ ಕೂತ ಮಗನಿಂದಲೋ ಮಗಳಿಂದಲೋ ಬರುತ್ತದೆ. ನೀವು ಸುಮ್ನೆ ತಲೆಯಾಡಿಸುತ್ತೀರಿ. ಎಷ್ಟೋ ಕಡೆ ಹೀಗೇ ನಡೆಯುತ್ತದೆ ಅಲ್ವಾ? ಮಕ್ಕಳಿಗೆ ಕಾಳಜಿ ಇದೆ, ನಿಜ. ಆದರೆ ರಾತ್ರಿ ಎದ್ದಾಗ ತಲೆ ಸುತ್ತಿದ್ದು ನಿಮಗೆ. ಅದನ್ನು ನೀವೇ ಹೇಳಬೇಕು.

ಮೊದಲು ಮಾತ್ರೆಗಳ ವಿಷಯ. ವಯಸ್ಸಾದಂತೆ ಕಿಡ್ನಿಯ ಕೆಲಸ ನಿಧಾನವಾಗುತ್ತದೆ, ಎಷ್ಟೋ ಔಷಧಿಗಳು ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತವೆ. ಐವತ್ತರಲ್ಲಿ ಸರಿಹೋಗಿದ್ದ ಡೋಸು ಎಪ್ಪತ್ತೈದರಲ್ಲಿ ಹೆಚ್ಚಾಗಬಹುದು. ನೆಗಡಿ, ಅಲರ್ಜಿಗೆ ಎಂದು ನಾವೇ ಕೊಂಡು ನುಂಗುವ ಕೆಲವು ಮಾತ್ರೆಗಳಿಂದ ಹಿರಿಯರಿಗೆ ಮಂಕು ಕವಿಯುತ್ತದೆ, ಮೂತ್ರ ಕಟ್ಟಿಕೊಳ್ಳುತ್ತದೆ. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಬಿಪಿ ಏರಿಸಬಹುದು. ಅದು ಗೊತ್ತಾಗದೆ ಹೋದರೆ ಬಿಪಿಗೆ ಇನ್ನೊಂದು ಮಾತ್ರೆ ಸೇರಿಕೊಳ್ಳುತ್ತದೆ! ನನಗೆ ತುಂಬ ಬೇಸರ ತರುವುದು ಇದೇ. ಒಂದು ಮಾತು ಕೇಳಿದ್ದರೆ ತಪ್ಪುತ್ತಿತ್ತು.

ಆದ್ದರಿಂದ ಮುಂದಿನ ಸಲ ಹೋಗುವಾಗ ಮನೆಯಲ್ಲಿರುವ ಎಲ್ಲ ಔಷಧಿಯನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ಕಣ್ಣಿಗೆ ಬಿಡುವ ಹನಿ, ಯಾರೋ ಹೇಳಿದರೆಂದು ತಂದ ಚೂರ್ಣ, ಅರ್ಧ ಖಾಲಿಯಾದ ಹಳೇ ಸ್ಟ್ರಿಪ್ಪು, ಯಾವುದನ್ನೂ ಬಿಡಬೇಡಿ. ಮೇಜಿನ ಮೇಲೆ ಸುರಿದು ಒಂದೊಂದನ್ನೂ ತೋರಿಸಿ ಕೇಳಿ: ಇದು ಯಾವುದಕ್ಕೆ? ಈಗಲೂ ಬೇಕಾ? ಹಾಗಂತ ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ. ಕೆಲವು ಮಾತ್ರೆಗಳನ್ನು ದಿಢೀರನೆ ಬಿಟ್ಟರೆ ಅಪಾಯ.

ಬಿಪಿ ನೋಡುವ ಮೊದಲು 5 ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಮಾತಾಡದೆ ಕೂತಿರಬೇಕು. ತೋಳು ಎದೆಯ ಮಟ್ಟಕ್ಕಿರಲಿ. ಎದ್ದಾಗ ತಲೆ ಸುತ್ತುವವರು "ನಿಂತೂ ಒಮ್ಮೆ ನೋಡಿ" ಎಂದು ಕೇಳಿ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಬೀಳುವ ಭಯ ಹೆಚ್ಚು.

ಇನ್ನು ಕಾಲಿನ ಬಲ. "ಈ ವಯಸ್ಸಿನಲ್ಲಿ ಇನ್ನೇನು ವ್ಯಾಯಾಮ" ಎನ್ನಬೇಡಿ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೃದ್ಧರ ಆರೈಕೆ ಕೇಂದ್ರದ ಕೆಲವರು 8 ವಾರ ಕಾಲಿನಿಂದ ಭಾರ ಎತ್ತುವ ತರಬೇತಿ ಪಡೆದರು. ಅವರ ವಯಸ್ಸು ತೊಂಬತ್ತರ ಆಸುಪಾಸು. ಆದರೂ ಅವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ನೀವು ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿಟ್ಟು, ಕೈ ಊರದೆ ಎದ್ದು ಕೂರಲು ನೋಡಿ. ಆಗದಿದ್ದರೆ ಕೈ ಊರಿಯೇ ಶುರುಮಾಡಿ. ಎದೆನೋವು, ಏದುಸಿರು ಇರುವವರು ಮೊದಲು ಡಾಕ್ಟರನ್ನು ಕೇಳಿ.

ನನ್ನ ಮಾತು ಇಷ್ಟು. ಈಗ ನೀವು ಪ್ರಶ್ನೆ ಕೇಳಿ. ಜೊತೆಗೆ ಬಂದಿರುವ ಮಕ್ಕಳು ದಯವಿಟ್ಟು ಸ್ವಲ್ಪ ಹೊತ್ತು ಸುಮ್ಮನಿರಿ.